ಅಮ್ಮನ ಜೊತೆ ಬೇಸಿಗೆಯ ಮೈಸೂರು: ಕಾರು ಬೇಕೇ?

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿದ್ದರೆ ಬಹಳ ಮನೆಗಳಲ್ಲಿ ಒಂದೇ ಮಾತು: ‘ಅಮ್ಮನಿಗೆ ಮಂಡಿ ನೋವು, ಈ ಬಿಸಿಲಲ್ಲಿ ಬಸ್ಸು, ರೈಲು ಅಂತ ಅಲೆಸೋದು ಬೇಡ, ಕಾರು ಮಾಡಿಕೊಂಡೇ ಹೋಗೋಣ.’ ಹೀಗನ್ನುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮೈಸೂರಿನ ಮಟ್ಟಿಗೆ ಈ ಮಾತು ತಪ್ಪು. ವಯಸ್ಸಾದವರನ್ನು ಇಲ್ಲಿ ಸುಸ್ತು ಮಾಡುವುದು ಮಧ್ಯಾಹ್ನದ ಹೊತ್ತು. ಅವರನ್ನು ಸರಿಯಾಗಿ ಆ ಹೊತ್ತಿಗೇ ಬಿಸಿಲಿಗೆ ಇಳಿಸುವುದು ಕಾರಿನ ಪ್ರವಾಸ.

ಬೆಂಗಳೂರಿನಿಂದ ಹೊರಡುವ ಒಂದು ದಿನದ ಕಾರಿನ ಟ್ರಿಪ್ಪನ್ನೇ ನೋಡಿ. ಬೆಳಿಗ್ಗೆ ಬಿಟ್ಟು ದಾರಿಯಲ್ಲಿ ತಿಂಡಿ, ಆಮೇಲೆ ಶ್ರೀರಂಗಪಟ್ಟಣ. ಅಲ್ಲಿಂದ ಅರಮನೆಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಊಟ ಮುಗಿಸಿ ಮೃಗಾಲಯ, ನಾಲ್ಕರ ಮೇಲೆ ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ, ಮಧ್ಯರಾತ್ರಿ ಮನೆ. ಬಾಡಿಗೆ ಕೊಟ್ಟ ಮೇಲೆ ಒಂದು ಜಾಗವೂ ತಪ್ಪಬಾರದೆಂಬ ಹಟ ಬಂದುಬಿಡುತ್ತದೆ. 118 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಈ ಹಟಕ್ಕೆ ಇನ್ನಷ್ಟು ಬಲ ಬಂದಿದೆ.

ಆದರೆ ಅಮ್ಮ ನಡೆಯಬೇಕಾದ ಜಾಗಕ್ಕೆ ಯಾವ ಕಾರೂ ಬರುವುದಿಲ್ಲ. ಅರಮನೆಯಲ್ಲಿ ಕಾರು ನಿಲ್ಲುವುದು ಕೋಟೆಯ ಹೊರಗೆ. ವರಾಹ ದ್ವಾರ ದಾಟಿ ಆ ದೊಡ್ಡ ಬಯಲು ಅಂಗಳವನ್ನು ಕಾಲ್ನಡಿಗೆಯಲ್ಲೇ ಕಳೆಯಬೇಕು. ಒಳಗೆ ಹೋಗಲು ಚಪ್ಪಲಿ ಬಿಡಬೇಕು. ಹೊರಬಂದವರು ಮತ್ತೆ ಚಪ್ಪಲಿ ಮೆಟ್ಟುವವರೆಗೆ ಕಾದ ನೆಲದ ಮೇಲೆ, ಸೀರೆಯ ನೆರಿಗೆ ಎತ್ತಿ ಹಿಡಿದು, ನೆರಳಿನಿಂದ ನೆರಳಿಗೆ ಹಾರುವಂತೆ ಹೆಜ್ಜೆ ಹಾಕುವ ಅಜ್ಜಿಯರನ್ನು ಮಧ್ಯಾಹ್ನ ಅಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಅವರಲ್ಲಿ ಬಹಳ ಮಂದಿ ಬಂದಿದ್ದು ಕಾರಲ್ಲೇ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತ ಆ ಕಾರಿನೊಳಗೆ ಹೋಗಿ ಕೂತರೆ ಸೀಟು ಸುಡುತ್ತದೆ, ಏಸಿ ಹಿಡಿಯುವ ಹೊತ್ತಿಗೆ ಮುಂದಿನ ಜಾಗ ಬಂದಿರುತ್ತದೆ.

ಮೈಸೂರಿನಲ್ಲಿ ದೂರವೆನ್ನುವುದು ಸಮಸ್ಯೆಯೇ ಅಲ್ಲ. ರೈಲು ನಿಲ್ದಾಣದಿಂದ ಅರಮನೆಗೆ ಸುಮಾರು ಎರಡು ಕಿಲೋಮೀಟರು, ಆಟೋ ಹತ್ತಿದರೆ ಕೆಲವೇ ನಿಮಿಷ. ದೇವರಾಜ ಮಾರುಕಟ್ಟೆ, ಜಗನ್ಮೋಹನ ಅರಮನೆ, ನಗರ ಬಸ್ ನಿಲ್ದಾಣ ಎಲ್ಲ ಕೆ.ಆರ್. ವೃತ್ತದ ಆಸುಪಾಸಿನಲ್ಲೇ ಇವೆ. ಇಷ್ಟು ಒತ್ತಾಗಿರುವ ಊರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಹವಾಮಾನವೂ ಅಷ್ಟು ಕ್ರೂರವಲ್ಲ. ಸಮುದ್ರಮಟ್ಟದಿಂದ 760 ಮೀಟರಿನಷ್ಟು ಎತ್ತರದ ಊರು ಇದು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿಯ ಆಸುಪಾಸಿಗೆ ಹೋದರೂ ಬೆಳಗಿನ ಜಾವ ತಂಪಾಗಿರುತ್ತದೆ, ಕೆಲವು ಸಂಜೆ ಮಳೆಯೂ ಬೀಳುತ್ತದೆ. ಕಲಬುರಗಿಯ 42 ಡಿಗ್ರಿಯಲ್ಲಿ ಈ ವಾದ ನಿಲ್ಲುವುದಿಲ್ಲ, ಅದನ್ನು ಒಪ್ಪುತ್ತೇನೆ.

ಹಾಗಾದರೆ ಹೇಗೆ ಹೋಗಬೇಕು? ರೈಲಿನಲ್ಲಿ ಹೋಗಿ, ಎರಡು ರಾತ್ರಿ ಉಳಿಯಿರಿ. ಸಕ್ಕರೆ ಕಾಯಿಲೆಯವರಿಗೆ, ಬಿಪಿ ಮಾತ್ರೆ ತಗೊಳ್ಳುವವರಿಗೆ ರೈಲಿನ ದೊಡ್ಡ ಅನುಕೂಲ ಶೌಚಾಲಯ. ಎಕ್ಸ್‌ಪ್ರೆಸ್‌ವೇಯಲ್ಲಿ ಬೇಕೆಂದ ಕಡೆ ನಿಲ್ಲಿಸುವಂತಿಲ್ಲ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಬೈಪಾಸಿನ ಆಚೆ ಉಳಿದವು. ಮದ್ದೂರು ವಡೆ ಮಾತ್ರ ರೈಲಿನಲ್ಲಿ ಈಗಲೂ ಕೂತಲ್ಲಿಗೇ ಬರುತ್ತದೆ. ಹಿರಿಯ ನಾಗರಿಕರ ರೈಲ್ವೆ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು ಅನ್ಯಾಯ. ಅದನ್ನು ಮತ್ತೆ ಕೊಡಲೇಬೇಕು. ಆದರೂ ಟಿಕೆಟ್ಟು ಕಾರಿನ ಬಾಡಿಗೆಯ ಮುಂದೆ ಏನೂ ಅಲ್ಲ. ಉಳಿದ ದುಡ್ಡಿನಲ್ಲಿ ಅರಮನೆಯ ಸುತ್ತಮುತ್ತ ಒಳ್ಳೆಯ ರೂಮು ಹಿಡಿಯಿರಿ, ಲಿಫ್ಟ್ ಇರುವಂಥದ್ದು. ಹನ್ನೊಂದಕ್ಕೆ ವಾಪಸು ಬಂದು, ಊಟ ಮಾಡಿ, ನಾಲ್ಕರವರೆಗೆ ಫ್ಯಾನಿನ ಕೆಳಗೆ ಮಲಗುವುದಕ್ಕೆ ಒಂದು ಜಾಗ ಬೇಕು.

ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಬೇಕು. ನಗರ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸು ಹೊರಡುತ್ತದೆ. ‘ಬಸ್ಸಿನ ಮೆಟ್ಟಿಲು ಎತ್ತರ, ಅಮ್ಮ ಹತ್ತಲಾರರು’ ಎನ್ನುವುದು ನಿಜವಾದ ಆಕ್ಷೇಪ. ಆದರೆ ಬಸ್ಸು ಹೊರಡುವ ನಿಲ್ದಾಣದಲ್ಲೇ ಹತ್ತಿದರೆ ಅವಸರವಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬಹುದು, ಕಿಟಕಿ ಪಕ್ಕದ ಸೀಟೂ ಸಿಗುತ್ತದೆ. ನನ್ನಮ್ಮ ಆಧಾರ್ ಕಾರ್ಡನ್ನು ಪರ್ಸಿನಿಂದ ತೆಗೆದು ಮೊದಲೇ ಕೈಯಲ್ಲಿ ಹಿಡಿದು ಕೂರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಶೂನ್ಯ ಟಿಕೆಟ್ಟು ಅವರದು, ಕಾಸು ಕೊಡುವ ಟಿಕೆಟ್ಟು ನನ್ನದು. ಕಾರಿನ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುವವರು ಬಸ್ಸಿನಲ್ಲಿ ಪಕ್ಕದವರ ಊರು, ಮಕ್ಕಳು, ಹರಕೆ ಎಲ್ಲ ವಿಚಾರಿಸಿಕೊಂಡು ಬೆಟ್ಟ ತಲುಪುತ್ತಾರೆ. ಇದೂ ಪ್ರವಾಸವೇ. ಇನ್ನೊಂದು ಮಾತು: ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ, ಲಲಿತಮಹಲ್ ಬಳಿಯ ಹೆಲಿಪ್ಯಾಡಿನಿಂದ ಜಿಲ್ಲಾಡಳಿತವೇ ಬಸ್ಸು ಬಿಡುತ್ತದೆ. ಅತಿ ಹೆಚ್ಚು ಜನ ಸೇರುವ ದಿನ ಕೆಲಸಕ್ಕೆ ಬರುವ ವ್ಯವಸ್ಥೆ ಉಳಿದ ದಿನ ವಯಸ್ಸಾದವರಿಗೆ ಕಷ್ಟ ಎನ್ನುವುದು ಹೇಗೆ?

ಇನ್ನೊಂದು ಬೆಳಿಗ್ಗೆ ದೇವರಾಜ ಮಾರುಕಟ್ಟೆ. ಸೂರಿನ ನೆರಳಿದೆ, ಹೂವಿನ ಸಾಲಿದೆ. ಅಮ್ಮ ಮಲ್ಲಿಗೆಯನ್ನು ತಮ್ಮ ಮೊಳದಲ್ಲೇ ಅಳೆದು, ‘ನಿನ್ನ ಮೊಳ ಗಿಡ್ಡ ಕಣಪ್ಪ’ ಎಂದು ಹೂವಿನವನ ಜೊತೆ ವಾದ ಹೂಡಿ, ಕೊನೆಗೆ ಒಂದು ಗೇಣು ಜಾಸ್ತಿ ಕೊಯ್ಯಿಸಿಕೊಳ್ಳುತ್ತಾರೆ. ಮೃಗಾಲಯಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಹೋದರೆ ಬ್ಯಾಟರಿ ವಾಹನಕ್ಕೆ ಅಷ್ಟಾಗಿ ಕಾಯಬೇಕಿಲ್ಲ. ಮಂಗಳವಾರ ರಜೆ ಎನ್ನುವುದು ನೆನಪಿರಲಿ. ಸಂಜೆಗೆ ಕುಕ್ಕರಹಳ್ಳಿ ಕೆರೆಯ ಏರಿ ಸಾಕು. ಭಾನುವಾರವಾದರೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳನ್ನು ತಂಪು ಹೊತ್ತಿನಲ್ಲೇ ನೋಡಬಹುದು. ನಂಜನಗೂಡಿಗೆ ಚಾಮರಾಜನಗರದ ರೈಲಿದೆ.

ಕಾರೇ ಬೇಡವೆಂಬ ವ್ರತ ನನ್ನದಲ್ಲ. ಸೋಮನಾಥಪುರಕ್ಕೆ ಬನ್ನೂರಿನಲ್ಲೋ ತಿ. ನರಸೀಪುರದಲ್ಲೋ ಬಸ್ಸು ಬದಲಿಸಿ, ಬಿಸಿಲಲ್ಲಿ ಕಾಯಬೇಕು. ಅಲ್ಲಿಗೆ ಅರ್ಧ ದಿನಕ್ಕೆ ಕಾರು ಮಾಡಿ, ತಪ್ಪೇನಿಲ್ಲ. ನಾಲ್ಕು ಹೆಜ್ಜೆಯೂ ನಡೆಯಲಾಗದವರಿಗೆ ಕಾರು ಅನಿವಾರ್ಯ. ಆದರೆ ಮಂಡಿ ನೋವಿರುವ ಎಲ್ಲರನ್ನೂ ಆ ಸಾಲಿಗೆ ಸೇರಿಸಿ, ಅವರನ್ನು ಒಂದು ಮಾತೂ ಕೇಳದೆ ಕಾರು ಗೊತ್ತು ಮಾಡುವುದು ಸರಿಯಲ್ಲ.

ನನ್ನ ನಿಜವಾದ ತಕರಾರು ಇರುವುದು ಅರಮನೆಯ ಬಾಗಿಲಿನ ಬಳಿ. ಅದು ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ತಂಪು ಹೊತ್ತು ಕಳೆದಿರುತ್ತದೆ. ಕಾರಲ್ಲಿ ಬಂದರೂ ಬಸ್ಸಲ್ಲಿ ಬಂದರೂ ಆ ಅಂಗಳವನ್ನು ಬಿಸಿಲಲ್ಲೇ ದಾಟಬೇಕು. ಏಪ್ರಿಲ್, ಮೇ ಎರಡು ತಿಂಗಳಾದರೂ ಅರಮನೆ ಮಂಡಳಿ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಲಿ. ಚಪ್ಪಲಿ ಬಿಡುವ ಜಾಗದಿಂದ ಮೆಟ್ಟಿಲವರೆಗೆ ಒಂದು ಚಪ್ಪರ ಹಾಕಿಸಲಿ, ಅಲ್ಲಲ್ಲಿ ಕೂರಲು ಬೆಂಚು, ಕುಡಿಯಲು ನೀರು ಇಡಿಸಲಿ.