ಅಭಿಮಾನಿಯ ತೀರ್ಪು: ಒಂದು ಕಾಲಯಾನ ಧಾರಾವಾಹಿಯನ್ನು ಕುರಿತು

ಸಂಸ್ಕೃತದಲ್ಲಿ 'ಅಭಿಮಾನ'ವೆಂದರೆ ಮುಖ್ಯವಾಗಿ ಅಹಂಕಾರ, 'ನನ್ನದು' ಎಂಬ ಭಾವ. ಕನ್ನಡಕ್ಕೆ ಬಂದ ಮೇಲೆ ಆ ಶಬ್ದವು ಪ್ರೀತಿಯೆಂಬ ಅರ್ಥವನ್ನೂ ಪಡೆಯಿತು. ಇಂದು ಅಭಿಮಾನಿಯೆಂದು ಕರೆಯಿಸಿಕೊಳ್ಳುವ ಪ್ರೇಕ್ಷಕನಲ್ಲಿ ಈ ಎರಡು ಅರ್ಥಗಳೂ ಬೆರೆತಿರುತ್ತವೆ. ಆಲಂಕಾರಿಕರು ಹೇಳಿದ ಸಹೃದಯನು ಕೃತಿಗೆ ತನ್ನ ಮನಸ್ಸನ್ನು ಕನ್ನಡಿಯಾಗಿ ಹಿಡಿಯುವವನು. ಅಭಿಮಾನಿಯಾದರೋ ಕೃತಿಯ ಮೇಲೆ ಹಕ್ಕು ಸಾಧಿಸುವವನು. ಅಂತಹವನ ಅಭಿಪ್ರಾಯಗಳನ್ನು ವಿಮರ್ಶೆಯೆಂದು ಎಣಿಸಬಹುದೇ? ಈ ಪ್ರಶ್ನೆಗೆ ಬರಿಯ ತರ್ಕದಿಂದ ಉತ್ತರ ಸಿಕ್ಕುವಂತಿಲ್ಲ. ಒಂದು ಉದಾಹರಣೆಯನ್ನು ಹಿಡಿದು ಪರೀಕ್ಷಿಸಬೇಕಾಗುತ್ತದೆ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯ 'ಡಾಕ್ಟರ್ ಹೂ' ಎಂಬ ದೂರದರ್ಶನ ಧಾರಾವಾಹಿಯಷ್ಟು ಅಭಿಮಾನಿಗಳ ತೀರ್ಪಿಗೆ ಮತ್ತೆ ಮತ್ತೆ ಗುರಿಯಾದ ಕೃತಿ ಬೇರೆ ಸಿಕ್ಕುವುದು ಕಷ್ಟ.

ಈ ಧಾರಾವಾಹಿಯ ಮೊದಲ ಕಂತು 1963ರ ನವೆಂಬರ್ 23ರಂದು ಪ್ರಸಾರವಾಯಿತು. ಅದನ್ನು ನಿರ್ದೇಶಿಸಿದ ವಾರಿಸ್ ಹುಸೇನರು ಲಖನೌದಲ್ಲಿ ಹುಟ್ಟಿದವರು. ಕಥಾನಾಯಕನಿಗೆ 'ಡಾಕ್ಟರ್' ಎಂಬುದಲ್ಲದೆ ಬೇರೆ ಹೆಸರಿಲ್ಲ. ಹೊರಗೆ ಪೋಲೀಸರ ನೀಲಿ ಪೆಟ್ಟಿಗೆಯಂತೆ ಕಾಣುವ ಕಾಲಯಂತ್ರದಲ್ಲಿ ಆತ ಸಂಚರಿಸುತ್ತಾನೆ. ಮರಣ ಸಮೀಪಿಸಿದಾಗ ಹೊಸ ದೇಹವನ್ನು ತಳೆಯುತ್ತಾನೆ. ಆದುದರಿಂದ ನಟರು ಬದಲಾದರೂ ಪಾತ್ರ ಉಳಿದುಬಂದಿದೆ. ಕಾಲಯಾನದ ಕಲ್ಪನೆ ಕನ್ನಡಿಗರಿಗೆ ಹೊಸದಲ್ಲ. ಮಗಳಾದ ರೇವತಿಗೆ ತಕ್ಕ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿಯು ಅಲ್ಲಿಯ ಗಾನ ಮುಗಿಯುವವರೆಗೆ ಕಾದು ನಿಂತನೆಂದೂ ಅಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದಿದ್ದವೆಂದೂ ಭಾಗವತವು ಹೇಳುತ್ತದೆ. 1989ರಲ್ಲಿ ನಮ್ಮ ದೂರದರ್ಶನವೇ 'ಇಂದ್ರಧನುಷ್' ಎಂಬ ಹಿಂದೀ ಧಾರಾವಾಹಿಯಲ್ಲಿ ಮಕ್ಕಳನ್ನು ಕಾಲದ ಸಂಚಾರಕ್ಕೆ ಕಳಿಸಿತ್ತು. ಗಿರೀಶ ಕಾರ್ನಾಡರು ಅದರಲ್ಲಿ ಪಾತ್ರ ವಹಿಸಿದ್ದರು. ಆದರೆ ಕಕುದ್ಮಿ ಮುಂದಿನ ಕಾಲಕ್ಕೆ ಹೋದವನು. ಅವನಿಗೆ ಆಶ್ಚರ್ಯವಲ್ಲದೆ ಸಂಕಟವಿಲ್ಲ. ಹಿಂದಕ್ಕೆ ಹೋಗುವವನಿಗೇ ಧರ್ಮಸಂಕಟ. ನಡೆದುಹೋದುದನ್ನು ಬಲ್ಲವನು ಅದನ್ನು ತಡೆಯಬಹುದೇ, ತಡೆಯಬೇಕೇ?

ಅಭಿಮಾನಿಯ ದೋಷವನ್ನು ಎತ್ತುವ ಮೊದಲು ಅವನ ಉಪಕಾರವನ್ನು ಹೇಳಿಬಿಡುವುದು ನ್ಯಾಯ. 1960ರ ದಶಕದ ಅನೇಕ ಕಂತುಗಳನ್ನು ಬಿ.ಬಿ.ಸಿ.ಯವರೇ ಅಳಿಸಿಹಾಕಿದರು, ಮುಂದೆ ಅವುಗಳ ಉಪಯೋಗವಿಲ್ಲವೆಂದು ಅವರ ಎಣಿಕೆ. ವಾರಿಸ್ ಹುಸೇನರ ನಿರ್ದೇಶನದಲ್ಲಿ 1964ರಲ್ಲಿ ಬಂದ 'ಮಾರ್ಕೊ ಪೋಲೊ' ಎಂಬ ಏಳು ಕಂತುಗಳ ಕಥೆ ಹೀಗೆಯೇ ಹಾಳಾಯಿತು. ಆದರೂ ಅದರ ಧ್ವನಿ ಉಳಿದಿದೆ. ಪ್ರಸಾರದ ಹೊತ್ತಿನಲ್ಲಿ ಮನೆಯ ದೂರದರ್ಶನ ಯಂತ್ರದ ಮುಂದೆ ಧ್ವನಿಮುದ್ರಣ ಮಾಡಿಕೊಂಡ ಪ್ರೇಕ್ಷಕರಿಂದ ಆದ ಕೆಲಸವಿದು. ಓಲೆಗರಿಯ ಪ್ರತಿಗಳನ್ನು ಕಾಪಾಡಿದ ಮನೆತನಗಳ ಋಣವನ್ನು ಬಲ್ಲ ಕನ್ನಡ ಸಂಶೋಧಕರು ಇದನ್ನು ಹಗುರವಾಗಿ ಕಾಣಲಾರರು.

ಇನ್ನು ತೀರ್ಪಿನ ವಿಷಯ. ಈ ಧಾರಾವಾಹಿಗೆಂದೇ ಮೀಸಲಾದ ಮಾಸಪತ್ರಿಕೆಯೊಂದು ಓದುಗರಿಂದ ಮತ ಕೇಳಿ ಕಥೆಗಳಿಗೆ ಕ್ರಮಾಂಕ ಕೊಡುತ್ತ ಬಂದಿದೆ. 1998ರಲ್ಲಿ ಮೊದಲ ಸ್ಥಾನ ಬಂದುದು 1975ರ 'ಜೆನೆಸಿಸ್ ಆಫ್ ದಿ ಡಾಲೆಕ್ಸ್'ಗೆ. 2009ರಲ್ಲಿ 1984ರ 'ದಿ ಕೇವ್ಸ್ ಆಫ್ ಆಂಡ್ರೊಜಾನಿ'ಗೆ. 2014ರಲ್ಲಿ ಹಿಂದಿನ ವರ್ಷವಷ್ಟೇ ಬಂದಿದ್ದ 'ದಿ ಡೇ ಆಫ್ ದಿ ಡಾಕ್ಟರ್'ಗೆ. 2009ರ ಪಟ್ಟಿಯಲ್ಲಿ 200ನೆಯದಾಗಿ, ಅಂದರೆ ಎಲ್ಲಕ್ಕೂ ಕೆಳಗೆ, ನಿಂತುದು 'ದಿ ಟ್ವಿನ್ ಡಿಲೆಮಾ'. ಸ್ವಾರಸ್ಯವೆಂದರೆ ಅತ್ಯುತ್ತಮವೆನಿಸಿದ ಕಥೆ ಮುಗಿದ ಮರುವಾರವೇ, 1984ರ ಮಾರ್ಚ್ ತಿಂಗಳಲ್ಲಿ, ಅತ್ಯಧಮವೆನಿಸಿದ ಕಥೆ ಪ್ರಾರಂಭವಾಯಿತು. ಒಂದರಲ್ಲಿ ಡಾಕ್ಟರ್ ಒಬ್ಬರಿಗಷ್ಟೇ ಸಾಲುವ ಔಷಧವನ್ನು ಸಂಗಾತಿಗೆ ಕೊಟ್ಟು ತಾನು ಸಾಯುತ್ತಾನೆ. ಇನ್ನೊಂದರಲ್ಲಿ ಹೊಸ ದೇಹ ತಳೆದ ಆತನೇ ಅದೇ ಸಂಗಾತಿಯ ಕುತ್ತಿಗೆಗೆ ಕೈ ಹಾಕುತ್ತಾನೆ. ಎರಡನ್ನೂ ತೂಗಿದ ಅಭಿಮಾನಿಗಳು ಔಚಿತ್ಯವೆಂಬ ಶಬ್ದವನ್ನು ಕೇಳದಿದ್ದರೂ ಕ್ಷೇಮೇಂದ್ರನು ಒಪ್ಪುವ ತೀರ್ಪನ್ನೇ ಕೊಟ್ಟರು. ಇಷ್ಟರಮಟ್ಟಿಗೆ ಅವರ ರುಚಿಶುದ್ಧಿಯನ್ನು ಶಂಕಿಸಬೇಕಾಗಿಲ್ಲ.

ಆದರೆ 1998ರ ಮೊದಲ ಸ್ಥಾನದಿಂದ 2014ರ ಮೊದಲ ಸ್ಥಾನಕ್ಕೆ ಬಂದುದು ಬೇರೆಯೇ ಸಂಗತಿ. ಇದನ್ನು ತಿಳಿಯಲು 1964ರ 'ದಿ ಆಜ್ಟೆಕ್ಸ್' ಎಂಬ ನಾಲ್ಕು ಕಂತುಗಳ ಕಥೆಯಿಂದ ಹೊರಡಬೇಕು. ಡಾಕ್ಟರನೊಡನೆ ಸಂಚರಿಸುವ ಬಾರ್ಬರಾ ಇತಿಹಾಸದ ಉಪಾಧ್ಯಾಯಿನಿ. ಹಳೆಯ ಮೆಕ್ಸಿಕೊದಲ್ಲಿ ಜನರು ಆಕೆಯನ್ನು ಸತ್ತ ಪೂಜಾರಿಯೊಬ್ಬನ ಅವತಾರವೆಂದು ಭ್ರಮಿಸುತ್ತಾರೆ. ಆ ಅಧಿಕಾರವನ್ನು ಬಳಸಿ ನರಬಲಿಯನ್ನು ನಿಲ್ಲಿಸಬೇಕೆಂದು ಆಕೆಯ ಹಟ; ಇತಿಹಾಸವನ್ನು ತಿದ್ದಲಾಗದೆಂದು ಡಾಕ್ಟರನ ನಿಷೇಧ. ಬಲಿ ನಿಲ್ಲುವುದಿಲ್ಲ. ಆಕೆಯ ಮಾತನ್ನು ನಂಬಿದ ಒಬ್ಬನೇ ಒಬ್ಬ ಪೂಜಾರಿ ಪದವಿಯನ್ನು ತೊರೆದು ಕಾಡುಪಾಲಾಗುತ್ತಾನೆ. ಒಂದು ನಾಡನ್ನು ಉಳಿಸಲು ಹೋದವಳಿಗೆ ಒಬ್ಬನ ಮನಸ್ಸನ್ನು ತಿರುಗಿಸಿದ ಫಲವಷ್ಟೇ ದಕ್ಕುತ್ತದೆ. ಅದೂ ಅವನಿಗೆ ಸುಖ ತಂದಿತೆಂದು ಹೇಳುವಂತಿಲ್ಲ. ರಟ್ಟಿನ ದೇವಾಲಯ, ಬಣ್ಣದ ಪರದೆಗಳ ನಡುವೆ ನಡೆಯುವ ಈ ಕಥೆಯಲ್ಲಿ ದುರಂತ ನಾಟಕದ ಗಾಂಭೀರ್ಯವಿದೆ.

'ಜೆನೆಸಿಸ್' ಇದೇ ಪ್ರಶ್ನೆಯನ್ನು ಇನ್ನೂ ಹರಿತಗೊಳಿಸಿತು. ಡಾಲೆಕ್ಕುಗಳೆಂಬ ಕ್ರೂರ ಜೀವಿಗಳು ಹುಟ್ಟುವ ಮುನ್ನವೇ ಅವುಗಳನ್ನು ತಡೆಯಲು ಡಾಕ್ಟರನನ್ನು ಕಳಿಸಲಾಗಿದೆ. ಎರಡು ತಂತಿಗಳನ್ನು ತಾಗಿಸಿದರೆ ಸಾಕು, ಅವುಗಳ ಕುಲ ಮೊಳಕೆಯಲ್ಲೇ ನಾಶವಾಗುತ್ತದೆ. ತಂತಿಗಳನ್ನು ಕೈಯಲ್ಲಿ ಹಿಡಿದ ಆತ ಆ ಅಧಿಕಾರ ತನಗುಂಟೇ ಎಂದು ತಡೆದು ನಿಲ್ಲುತ್ತಾನೆ. ಕೊನೆಗೆ ದೊರೆಯುವ ಫಲ ಡಾಲೆಕ್ಕುಗಳ ನಾಶವಲ್ಲ, ಅವುಗಳ ಏಳಿಗೆಗೆ ಒಂದು ಸಾವಿರ ವರ್ಷಗಳಷ್ಟು ವಿಳಂಬ ಮಾತ್ರ. ಈ ತೊಳಲಾಟವನ್ನು ಮೊದಲ ಸ್ಥಾನದಲ್ಲಿಟ್ಟ 1998ರ ಅಭಿಮಾನಿಯು ವಿಮರ್ಶಕನೆನ್ನಿಸಿಕೊಳ್ಳಲು ಅರ್ಹನೇ ಸರಿ.

2005ರಲ್ಲಿ ಧಾರಾವಾಹಿ ಮತ್ತೆ ಪ್ರಾರಂಭವಾದಾಗ ಡಾಕ್ಟರನು ಒಂದು ಮಹಾಯುದ್ಧವನ್ನು ಮುಗಿಸಲು ಶತ್ರುಗಳೊಡನೆ ತನ್ನ ಕುಲವನ್ನೂ ಸುಟ್ಟವನೆಂಬ ಹಿನ್ನೆಲೆಯನ್ನು ಕಟ್ಟಿದರು. ಆ ಪಾಪಭಾರವೇ ಎಂಟು ವರ್ಷಗಳ ಕಂತುಗಳಿಗೆ ಸ್ಥಾಯಿಯಾಗಿತ್ತು. ಐವತ್ತನೆಯ ವರ್ಷದ ಹಬ್ಬಕ್ಕೆಂದು 2013ರಲ್ಲಿ ಬಂದ 'ದಿ ಡೇ ಆಫ್ ದಿ ಡಾಕ್ಟರ್' ಅದನ್ನು ಇಳಿಸಿಬಿಟ್ಟಿತು: ಗ್ರಹ ಸುಟ್ಟುಹೋಗಲೇ ಇಲ್ಲ, ಒಂದು ಕ್ಷಣದಲ್ಲಿ ಹೆಪ್ಪುಗಟ್ಟಿ ಅಡಗಿದೆ, ಡಾಕ್ಟರನಿಗೆ ಅದು ಮರೆತಿತ್ತು! ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದು ಬಿದ್ದರೆ ಅದನ್ನು ಉಜ್ಜಿ ಅಳಿಸುವ ಪದ್ಧತಿಯಿಲ್ಲ. ಎದುರು ನಮೂದು ಹಾಕಬೇಕು, ಎರಡೂ ಕಣ್ಣಿಗೆ ಕಾಣುವಂತೆ ಉಳಿಯಬೇಕು. ಇಲ್ಲಿ ಪುಟವನ್ನೇ ಬದಲಿಸಿದಂತಾಯಿತು. ಆ ಕಂತಿನ ಚಾತುರ್ಯ, ವಿನೋದಗಳು ನಿರ್ವಿವಾದ. ಹಬ್ಬದ ಊಟದ ರುಚಿ ನಾಲಗೆಯ ಮೇಲಿರುವಾಗಲೇ ಮತ ಕೇಳಿದರೆಂಬುದೂ ನಿಜ. ಆದರೂ ಅಭಿಮಾನಿಯ ಮನಸ್ಸು ಅಲ್ಲಿಗೆ ಹರಿದುದಕ್ಕೆ ಇನ್ನೂ ಆಳವಾದ ಕಾರಣವಿದೆ. ಅದು ಇಂಗ್ಲೆಂಡಿಗೆ ಮಾತ್ರ ಸೇರಿದುದಲ್ಲ.

ನಾಶಿಕ ಜಿಲ್ಲೆಯ ಸಟಾಣಾ ಊರನ್ನು ಹಾದುಹೋಗುವ ಕನ್ನಡಿಗರು ಅಲ್ಲಿಯ ದೇವಮಾಮಲೇದಾರರ ಮಂದಿರವನ್ನು ನೋಡಿರಬಹುದು. ಯಶವಂತರಾವ್ ಎಂಬವರು ಬ್ರಿಟಿಷರ ಕಾಲದಲ್ಲಿ ಅಲ್ಲಿ ಮಾಮಲೇದಾರರಾಗಿದ್ದರು. 1870ರ ಸುಮಾರಿನ ಬರಗಾಲದಲ್ಲಿ ಅವರು ಸರಕಾರದ ಖಜಾನೆಯನ್ನು ತೆರೆದು ಹಸಿದವರಿಗೆ ಹಂಚಿದರು. ಮೇಲಧಿಕಾರಿಗಳು ಬಂದು ಎಣಿಸಿದಾಗ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲವೆಂಬುದು ಐತಿಹ್ಯ. ಭಕ್ತರ ಮನಸ್ಸು ನಷ್ಟವನ್ನು ಸಹಿಸಲಾರದು. ಒಳ್ಳೆಯವನ ಲೆಕ್ಕ ಸರಿಹೊಂದಲೇಬೇಕು. ಆದರೆ ಆ ಪುರುಷನ ದೊಡ್ಡತನ ಪವಾಡ ನಡೆಯುವ ಮುನ್ನವೇ ಪೂರ್ಣವಾಗಿದೆ: ಖಜಾನೆ ತುಂಬುವುದೆಂದು ತಿಳಿಯದೆ, ಸೆರೆಮನೆಯನ್ನು ಎದುರಿಗಿಟ್ಟುಕೊಂಡು, ಕೈ ಬಿಚ್ಚಿದುದರಲ್ಲಿ. ಐತಿಹ್ಯವು ಭಕ್ತಿಗೆ ಶೋಭೆ. ಕಥೆಗಾರನು ಅದನ್ನೇ ನೆಚ್ಚಿದರೆ ತ್ಯಾಗದ ತೂಕ ಇಳಿಯುತ್ತದೆ. 2014ರ ಅಭಿಮಾನಿಯು ಮತ ಕೊಟ್ಟುದು ತುಂಬಿದ ಖಜಾನೆಗೆ.

ಈ ಇಳಿತಕ್ಕೆ ಪ್ರತಿಯಾದ ಕಥೆಗಳು ಧಾರಾವಾಹಿಯಲ್ಲಿ ಇಲ್ಲದಿಲ್ಲ. 2008ರ 'ದಿ ಫೈರ್ಸ್ ಆಫ್ ಪಾಂಪೇ'ಯಲ್ಲಿ ಜಗತ್ತನ್ನು ಉಳಿಸಲು ಡಾಕ್ಟರನೇ ಅಗ್ನಿಪರ್ವತವನ್ನು ಸ್ಫೋಟಿಸಬೇಕಾಗುತ್ತದೆ. ಸಂಗಾತಿ ಡಾನಾ ಗೋಗರೆದ ಮೇಲೆ ಒಂದೇ ಒಂದು ಕುಟುಂಬವನ್ನು ಉಳಿಸುತ್ತಾನೆ. ಭಾರತೀಯರು ವಿಶೇಷವಾಗಿ ನೋಡಬೇಕಾದುದು ವಿನಯ್ ಪಟೇಲರು ಬರೆದು 2018ರ ನವೆಂಬರ್ 11ರಂದು ಪ್ರಸಾರವಾದ 'ಡೀಮನ್ಸ್ ಆಫ್ ದಿ ಪಂಜಾಬ್'. ಆ ವೇಳೆಗೆ ಡಾಕ್ಟರ್ ಸ್ತ್ರೀರೂಪ ತಳೆದಾಗಿತ್ತು. ಸಂಗಾತಿ ಯಾಸ್ಮಿನ್ ತನ್ನ ಅಜ್ಜಿ ಉಂಬ್ರೀನಳ ತಾರುಣ್ಯವನ್ನು ನೋಡಲು 1947ರ ಆಗಸ್ಟಿಗೆ ಹೋಗುತ್ತಾಳೆ. ಅಜ್ಜಿ ಅಂದು ಮದುವೆಯಾಗುತ್ತಿರುವುದು ತನ್ನ ಅಜ್ಜನನ್ನಲ್ಲ, ಪ್ರೇಮ್ ಎಂಬ ಹಿಂದೂ ರೈತನನ್ನು. ಗಡಿ ಹೊಲದ ಮಧ್ಯದಲ್ಲಿ ಬಿದ್ದಿದೆ. ಪ್ರೇಮನ ತಮ್ಮನೇ ಕೊಲೆಗಡುಕರನ್ನು ಕರೆತರುತ್ತಾನೆ. ಪ್ರೇಮ್ ಬದುಕಿದರೆ ಯಾಸ್ಮಿನ್ ಹುಟ್ಟುವಂತಿಲ್ಲ. ಕೊಲೆಗಾರರೆಂದು ತೋರಿದ ಅನ್ಯಲೋಕದವರು, ತಮ್ಮ ಲೋಕ ನೋಡುವವರಿಲ್ಲದೆ ನಾಶವಾದುದರಿಂದ, ಏಕಾಕಿಯಾಗಿ ಸಾಯುವವರ ಬಳಿ ಸಾಕ್ಷಿಯಾಗಿ ನಿಲ್ಲುವ ವ್ರತ ತೊಟ್ಟವರು.

ಇದರಲ್ಲಿ ಡಾಕ್ಟರ್ ಏನನ್ನೂ ಮಾಡುವುದಿಲ್ಲವೆಂದು ಆಕ್ಷೇಪಿಸುವ ಅಭಿಮಾನಿಗಳುಂಟು. ತಮ್ಮನ ಮನಸ್ಸು ಕೆಟ್ಟ ಬಗೆಯನ್ನು ಅವಸರದಲ್ಲಿ ಮುಗಿಸಿದ್ದಾರೆಂದಿದ್ದರೆ ಒಪ್ಪಬಹುದಾಗಿತ್ತು. ಆದರೆ ಏನನ್ನೂ ಮಾಡದೆ, ಗುಂಡಿನ ಶಬ್ದಕ್ಕೆ ತಿರುಗಿಯೂ ನೋಡದೆ, ಆಕೆ ನಡೆದುಹೋಗುವುದೇ ಇಲ್ಲಿ ಕರುಣರಸದ ಪರಾಕಾಷ್ಠೆ. 'ಇಂದ್ರಧನುಷ್'ದಲ್ಲಿ ನಟಿಸಿದ್ದ ಕಾರ್ನಾಡರು ಅದೇ 2018ರಲ್ಲಿ ಪ್ರಕಟವಾದ 'ರಾಕ್ಷಸ ತಂಗಡಿ' ನಾಟಕದಲ್ಲಿ ಯಾವ ಯಂತ್ರದ ನೆರವೂ ಇಲ್ಲದೆ 1565ರ ರಣರಂಗಕ್ಕೆ ಹೋದರು. ವಿಜಯನಗರ ಅಲ್ಲಿ ಗೆಲ್ಲುವುದಿಲ್ಲ. ಗೆದ್ದಿದ್ದರೆ ಎಂದು ಕನವರಿಸುವ ಕನ್ನಡ ಓದುಗನಿಗೆ ಆ ನಾಟಕ ಏನನ್ನು ಕೊಡಲು ನಿರಾಕರಿಸುತ್ತದೆಯೋ ಪಟೇಲರ ಕಂತು ತನ್ನ ಪ್ರೇಕ್ಷಕರಿಗೆ ಅದನ್ನೇ ನಿರಾಕರಿಸುತ್ತದೆ.

ಕಂತಿನ ಮೊದಲಲ್ಲಿ ಅಜ್ಜಿ ಮೊಮ್ಮಗಳಿಗೆ ಒಡೆದು ನಿಂತುಹೋದ ಕೈಗಡಿಯಾರವೊಂದನ್ನು ಕೊಟ್ಟಿರುತ್ತಾಳೆ. ಅದು ಮದುವೆಯ ಕ್ಷಣದಲ್ಲಿ ಪ್ರೇಮನ ಕೈಯಿಂದ ಬಿದ್ದು ನಿಂತುದೆಂದು ಯಾಸ್ಮಿನ್ ಕಣ್ಣಾರೆ ಕಂಡು ಬರುತ್ತಾಳೆ. ಈಗ ಅದರ ಕಥೆಯನ್ನು ಹೇಳಲೇ ಎಂದು ಅಜ್ಜಿ ತಾನಾಗಿ ಕೇಳಿದಾಗ, ಇನ್ನೊಮ್ಮೆ ಹೇಳಿದರಾಯಿತೆಂದು ಆಕೆ ಸುಮ್ಮನಾಗುತ್ತಾಳೆ. ಗಡಿಯಾರವನ್ನು ರಿಪೇರಿ ಮಾಡಿಸುವ ಮಾತನ್ನು ಯಾರೂ ಎತ್ತುವುದಿಲ್ಲ.