ಕಾರಂತರ ಕಾದಂಬರಿಗಳಲ್ಲಿ ದುಡಿಮೆಯ ಅನುಭವ

ಶಿವರಾಮ ಕಾರಂತರು (1902–1997) ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಈ ಹೆಸರಿನ ವಿನೋದವನ್ನೇ ಕೆಲವರು ತೀರ್ಪೆಂದು ಭಾವಿಸಿದಂತಿದೆ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದ ಕಾರಂತರು ಖಾದಿ ಪ್ರಚಾರಕ್ಕೆ ಅಲೆದರು, ‘ವಸಂತ’ ಪತ್ರಿಕೆಯನ್ನು ನಡೆಸಿದರು, ಮೂಕಿ ಚಲನಚಿತ್ರ ತೆಗೆದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಕೈಗೊಂಡರು, ಮುದ್ರಣಾಲಯವನ್ನು ಸ್ಥಾಪಿಸಿದರು, ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ರಚಿಸಿದರು, ಯಕ್ಷಗಾನವನ್ನು ಅಭ್ಯಸಿಸಿ ಹೊಸ ರಂಗರೂಪ ಕೊಟ್ಟರು. 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ವೆಂಬ ಸಂಶೋಧನ ಗ್ರಂಥಕ್ಕೆ. ಇಷ್ಟೆಲ್ಲವನ್ನೂ ಬಿಟ್ಟು ಕಾದಂಬರಿಯೊಂದಕ್ಕೇ ನಿಂತಿದ್ದರೆ ಅವರ ಸಾಧನೆ ಇನ್ನೂ ಹಿರಿದಾಗುತ್ತಿತ್ತೆಂಬ ಮಾತುಂಟು. ಅವರ ಕೃತಿಗಳನ್ನು ನಿಧಾನವಾಗಿ ಓದಿದವರು ಇದನ್ನು ಒಪ್ಪಲಾರರು.

‘ಮರಳಿ ಮಣ್ಣಿಗೆ’ಯನ್ನು ನೋಡಬಹುದು. ಮೂರು ತಲೆಮಾರುಗಳ ಈ ಕಥೆಯಲ್ಲಿ ಮನೆತನದ ಯಜಮಾನ ರಾಮ ಐತಾಳರಿಗಿಂತ ಹೆಚ್ಚಾಗಿ ನಮ್ಮ ಮನಸ್ಸಿನಲ್ಲಿ ನಿಲ್ಲುವವರು ಪಾರೋತಿ, ಸರಸೋತಿಯರು. ಗದ್ದೆಯ ಕೆಸರು, ಮಳೆಗಾಲದಲ್ಲಿ ತೇಲಿಬರುವ ಕಟ್ಟಿಗೆ, ಒಲೆಯ ಹೊಗೆ ಇವುಗಳ ನಡುವೆ ಅವರ ಬಾಳು ಸವೆಯುತ್ತದೆ. ಲೇಖಕರು ಅವರ ಸಹನೆಯನ್ನು ಹೊಗಳುವುದಿಲ್ಲ. ಅವರ ಕೆಲಸವನ್ನು ತೋರಿಸುತ್ತಾರೆ. ‘ಬೆಟ್ಟದ ಜೀವ’ದ ಗೋಪಾಲಯ್ಯನ ಘನತೆಯೂ ಇಂಥದೇ. ಕಾಡಿನ ನಡುವೆ ಅವನೆಬ್ಬಿಸಿದ ತೋಟವೇ ಅವನ ವ್ಯಕ್ತಿತ್ವದ ಭಾಷ್ಯ. ದುಡಿಮೆಯನ್ನು ದೂರದಿಂದ ಕಂಡವನಿಗೆ ಈ ಸಂಯಮ ಸುಲಭಸಾಧ್ಯವಲ್ಲ.

ಆದರೆ ಈ ಬಹುಮುಖತೆ ಎಲ್ಲೆಡೆಯೂ ವರವಾಗಿದೆಯೆಂದರೆ ಅದು ಅಭಿಮಾನದ ಮಾತಾದೀತು, ವಿಮರ್ಶೆಯಾಗದು. 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ‘ಮೂಕಜ್ಜಿಯ ಕನಸುಗಳು’ ಕೃತಿಯ ಕೆಲವು ಭಾಗಗಳಲ್ಲಿ ಅಜ್ಜಿ ಹಿಂದೆ ಸರಿದು ವಿಶ್ವಕೋಶದ ಕರ್ತೃ ಮುಂದೆ ಬರುತ್ತಾನೆ. ಮೊಮ್ಮಗ ಸುಬ್ಬರಾಯ ಪ್ರಶ್ನೆ ಕೇಳುತ್ತಾನೆ, ಅಜ್ಜಿ ಉತ್ತರಿಸುತ್ತಾಳೆ, ಸಂಭಾಷಣೆ ಪಾಠವಾಗುತ್ತದೆ. ತಿಳಿವಳಿಕೆ ಪಾತ್ರದ ರಕ್ತದಲ್ಲಿ ಬೆರೆತಾಗ ಅದು ಕಾದಂಬರಿ, ಬೆರೆಯದೆ ನಿಂತಾಗ ಉಪನ್ಯಾಸ. ಕಾರಂತರಲ್ಲಿ ಇವೆರಡೂ ಉಂಟು.

ಅವು ಬೆರೆತದ್ದರ ಅತ್ಯುತ್ತಮ ನಿದರ್ಶನ 1933ರ ‘ಚೋಮನ ದುಡಿ’. ಚೋಮನ ಆಸೆ ಒಂದೇ: ತನ್ನದೆಂಬ ಗದ್ದೆಯಲ್ಲಿ ಬೇಸಾಯ ಮಾಡಬೇಕು. ಜೋಡಿ ಎತ್ತುಗಳಿವೆ, ತೋಳಿನಲ್ಲಿ ಕಸುವಿದೆ. ಹುಟ್ಟಿದ ಜಾತಿ ಅಡ್ಡಬರುತ್ತದೆ. ಒಡೆಯ ಸಂಕಪ್ಪಯ್ಯನ ಮನಸ್ಸು ತುಸು ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಚೋಮ ವಾದಿಸುವುದಿಲ್ಲ, ದುಡಿ ಬಾರಿಸುತ್ತಾನೆ. ಮುಂದೆ ಯಕ್ಷಗಾನದ ಪ್ರಯೋಗಗಳಲ್ಲಿ ಮಾತನ್ನು ತಗ್ಗಿಸಿ ಕುಣಿತ, ಗಾನಗಳಿಂದಲೇ ಭಾವವನ್ನು ಹೊಮ್ಮಿಸಲೆತ್ನಿಸಿದ ಕಲಾವಿದನ ಕಿವಿ ಇಲ್ಲಿಯೇ ಎಚ್ಚೆತ್ತಿದೆ.

ಕಾರಂತರು ತಮ್ಮ ಇಚ್ಛೆಯಂತೆ ಒಂದು ಕೆಲಸವನ್ನು ಹಿಡಿದರು, ಮತ್ತೊಂದನ್ನು ಬಿಟ್ಟರು. ನಷ್ಟಗಳ ನಡುವೆಯೂ ಆ ಸ್ವಾತಂತ್ರ್ಯ ಅವರಿಗಿತ್ತು. ಚೋಮನಿಗೆ ಬೇಕಾಗಿದ್ದ ಒಂದೇ ಒಂದು ಕೆಲಸವೂ ದಕ್ಕಲಿಲ್ಲ. ಹತ್ತು ಕೆಲಸಗಳ ರುಚಿ ಬಲ್ಲ ಲೇಖಕನಿಗೆ ಒಂದೂ ದೊರಕದವನ ಹಸಿವು ಅರ್ಥವಾಯಿತೆಂಬುದೇ ಆ ಕಾದಂಬರಿಯ ಹಿರಿಮೆ. ಕಾರಂತರ ಇತರ ದುಡಿಮೆಗಳನ್ನು ಅವರ ಸಾಹಿತ್ಯದ ಲೆಕ್ಕದಿಂದ ಕಳೆಯಹೊರಟವರು ಮೊದಲು ಈ ದುಡಿಯ ದನಿಗೆ ಕಿವಿಗೊಡಬೇಕು.