ಕಪಿಲೆಯ ದಡದಲ್ಲಿ ಒಂದು ಅಮೆರಿಕನ್ ಜಗಳ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರಾಮಚಂದ್ರ ಗುಹಾ 1989ರಲ್ಲಿ ಒಂದು ಪ್ರಬಂಧ ಬರೆದರು. ಅಮೆರಿಕದ ಪರಿಸರವಾದಕ್ಕೆ ಮೂರನೆಯ ಜಗತ್ತು ಕೊಟ್ಟ ಉತ್ತರವದು. ಮನುಷ್ಯರನ್ನು ಹೊರಗಟ್ಟಿ ಕಾಡು ಕಾಯುವ ಅಲ್ಲಿನ ಹಂಬಲ ನಮ್ಮಂಥ ದೇಶಕ್ಕೆ ಬಂದರೆ ಬಡವರ ಕೈಯಲ್ಲಿದ್ದದ್ದು ಉಳ್ಳವರ ಪಾಲಾಗುತ್ತದೆ ಎಂಬುದು ಅದರ ತಿರುಳು. ಹುಲಿ ಯೋಜನೆಯನ್ನೇ ಅವರು ಮುಂದಿಟ್ಟರು. ಸುತ್ತೂರಿನಲ್ಲಿ ಕಪಿಲೆಯ, ಅಂದರೆ ಕಬಿನಿಯ, ಸೋಪಾನದ ಮೇಲೆ ಕೂತು ಇದನ್ನು ಓದಿದಾಗ ನನಗೆ ಅರ್ಧ ಪೂರಾ ನಿಜವೆನಿಸಿತು. ಇನ್ನರ್ಧ ಬರೆಯದೆ ಬಿಟ್ಟಂತೆ ಕಂಡಿತು.

ನಿಜವಾದ ಅರ್ಧ ಇದೇ ಹೊಳೆಯ ಮೇಲ್ದಂಡೆಯಲ್ಲಿದೆ. ಕಾಡಾನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆಯ ಕಾಡಿನ ಒಂದು ಭಾಗ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ನೀರಿನಡಿ ಹೋಯಿತು. ಅದಕ್ಕೂ ಒಂದು ವರ್ಷ ಮೊದಲು ಬಂಡೀಪುರ ಹುಲಿ ಯೋಜನೆಗೆ ಸೇರಿತ್ತು. ಕಾಡು ಕುರುಬರು, ಜೇನು ಕುರುಬರು ಒಮ್ಮೆ ಅಣೆಕಟ್ಟೆಗಾಗಿ, ಇನ್ನೊಮ್ಮೆ ಅಭಯಾರಣ್ಯಕ್ಕಾಗಿ ತಮ್ಮ ಹಾಡಿಗಳನ್ನು, ಕಾಡಿನ ಊರುಗಳನ್ನು, ಬಿಟ್ಟು ಎದ್ದರು. ಅವರನ್ನು ಎಬ್ಬಿಸಿದ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೇ ಐಷಾರಾಮಿ ಹೋಟೆಲಿಗೆ ಜಾಗ ಸಿಕ್ಕಿತ್ತು. ಆದಿವಾಸಿಗಳು ಹೋರಾಡಿ, 1997ರಲ್ಲಿ ಹೈಕೋರ್ಟು ಅದನ್ನು ತಡೆಯಬೇಕಾಯಿತು. ಗುಹಾ ಹೇಳಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಮೆರಿಕದಲ್ಲೂ ನಡೆದದ್ದು ಹೀಗೆಯೇ. ಕ್ಯಾಲಿಫೋರ್ನಿಯಾದ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟೆ ಬೇಕೋ ಬೇಡವೋ ಎಂದು ನಿಸರ್ಗಪ್ರೇಮಿ ಜಾನ್ ಮ್ಯೂರ್ ಮತ್ತು ಅರಣ್ಯಾಧಿಕಾರಿ ಗಿಫರ್ಡ್ ಪಿಂಚೊ ವರ್ಷಗಟ್ಟಲೆ ವಾದಿಸಿದರು. ಒಬ್ಬರಿಗೆ ಅದು ದೇಗುಲ, ಇನ್ನೊಬ್ಬರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಕುಡಿಯುವ ನೀರು. 1913ರಲ್ಲಿ ಅಣೆಕಟ್ಟೆಯೇ ಗೆದ್ದಿತು. ಆ ಸೀಮೆಯ ಮೂಲನಿವಾಸಿಗಳ ಮಾತನ್ನು ಇಬ್ಬರೂ ಲೆಕ್ಕಕ್ಕಿಡಲಿಲ್ಲ.

ಆದರೆ ಆ ದೇಶದ ಜಗಳ ಕಾಡಿನಲ್ಲೇ ಮುಗಿಯಲಿಲ್ಲ. 1962ರಲ್ಲಿ ರೇಚೆಲ್ ಕಾರ್ಸನ್ ಕೀಟನಾಶಕಗಳ ಬಗ್ಗೆ ಬರೆದು ರಾಸಾಯನಿಕ ಉದ್ಯಮದ ಸಿಟ್ಟಿಗೆ ಗುರಿಯಾದರು. 1969ರಲ್ಲಿ ಕ್ಲೀವ್‌ಲ್ಯಾಂಡಿನ ಕಯಹೋಗ ನದಿ ಮೇಲೆ ತೇಲುತ್ತಿದ್ದ ಎಣ್ಣೆಗೆ ಬೆಂಕಿ ಹತ್ತಿ ಉರಿಯಿತು. 1972ರ ಜಲ ಕಾಯ್ದೆ ಬಂದ ಮೇಲೆ, ಕಾರ್ಖಾನೆ ತನ್ನ ಕೊಳವೆಯಿಂದ ಏನು ಬಿಡುತ್ತದೆಂದು ವರದಿ ಕೊಡಬೇಕಾಯಿತು. ಅದನ್ನು ಯಾರೂ ಓದಬಹುದಿತ್ತು, 60 ದಿನಗಳ ನೋಟಿಸು ಕೊಟ್ಟು ಕೋರ್ಟಿಗೂ ಹೋಗಬಹುದಿತ್ತು. ಇದು ಕಾಡಿನ ಮೋಹವಲ್ಲ, ಕುಡಿಯುವ ನೀರಿನ ಹಕ್ಕು. ಗುಹಾ ಪ್ರಬಂಧದ ಗುರಿ ಕಾಡನ್ನೇ ಮುಂದಿಡುವ 'ಡೀಪ್ ಎಕಾಲಜಿ' ಪಂಥವಾದ್ದರಿಂದ ಈ ಧಾರೆಗೆ ಅಲ್ಲಿ ಎಡೆ ಸಿಗಲಿಲ್ಲ. 2000ದಲ್ಲಿ ಬಂದ ಪರಿಸರವಾದದ ಜಾಗತಿಕ ಇತಿಹಾಸದಲ್ಲಿ ಅವರೇ ಕಾರ್ಸನ್ನರಿಗೆ ದೊಡ್ಡ ಜಾಗ ಕೊಟ್ಟರು. ಆದರೂ ನಮ್ಮಲ್ಲಿ ಹೆಚ್ಚು ಉಲ್ಲೇಖವಾಗುವುದು ಮೊದಲಿನದೇ. ಹಾಗಾಗಿ ಅಮೆರಿಕದ ಪರಿಸರವಾದವೆಂದರೆ ಶ್ರೀಮಂತರ ಕಾಡಿನ ಗೀಳು ಎಂದು ತಳ್ಳಿಹಾಕುವುದು ಸುಲಭವಾಯಿತು. ನನ್ನ ತಕರಾರು ಇಷ್ಟೇ: ಆ ತಳ್ಳಾಟದಲ್ಲಿ ನಮಗೆ ಬೇಕಾದದ್ದೂ ಕೈತಪ್ಪಿತು.

ಪುಷ್ಯದ ಸುತ್ತೂರು ಜಾತ್ರೆಯ ದಿನ ಬೆಳಿಗ್ಗೆ ಇದೇ ಮೆಟ್ಟಿಲಲ್ಲಿ ನೋಡಿದ್ದು: ಒಬ್ಬ ಅಜ್ಜಿ ಸೊಂಟದುದ್ದ ನೀರಿಗಿಳಿದು, ಮೂಗು ಹಿಡಿದು ಮೂರು ಮುಳುಗು ಹಾಕಿ, ಬೊಗಸೆಯಲ್ಲಿ ನೀರೆತ್ತಿ ಮೊಮ್ಮಗನ ಬಾಯಿಗೆ ಬಿಟ್ಟರು. ಹುಡುಗ ಗುಟುಕರಿಸಿದ. ಆ ನೀರು ನಂಜನಗೂಡಿನ ಪೇಟೆಯನ್ನೂ ಕಾರ್ಖಾನೆಗಳನ್ನೂ ದಾಟಿ ಬಂದದ್ದು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿತು. ಕರ್ನಾಟಕದ 17ರಲ್ಲಿ ಕಬಿನಿಯೂ ಒಂದು.

ನಮ್ಮಲ್ಲಿ ಕಾಯ್ದೆಯಿಲ್ಲವೆಂದಲ್ಲ. 1974ರ ಜಲ ಕಾಯ್ದೆಗೆ 1988ರಲ್ಲಿ ತಿದ್ದುಪಡಿಯಾಯಿತು. ಸಾಮಾನ್ಯನೂ 60 ದಿನಗಳ ನೋಟಿಸು ಕೊಟ್ಟು ದೂರು ಹೂಡಬಹುದು, ಮಂಡಳಿ ತನ್ನಲ್ಲಿರುವ ವರದಿಗಳನ್ನು ಅವನಿಗೆ ಕೊಡಬೇಕು. ಸಾರ್ವಜನಿಕ ಹಿತದ ಹೆಸರಿನಲ್ಲಿ ಕೊಡದೆಯೂ ಇರಬಹುದೆಂಬ ಕಿಂಡಿ ಮಾತ್ರ ಅದರಲ್ಲೇ ಉಳಿದಿದೆ. ಮನುಷ್ಯರನ್ನು ಹೊರಗಿಡುವ ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಮಾದರಿಯನ್ನು ನಾವು ಬಂದೂಕು, ಬೇಲಿ ಸಮೇತ ಜಾರಿಗೆ ತಂದೆವು. ಜಲ ಕಾಯ್ದೆಯನ್ನು ಕಾಗದದಲ್ಲಿ ಮಡಿಸಿಟ್ಟೆವು.

ಸುತ್ತೂರು ಜಾತ್ರೆಯಲ್ಲಿ ಕೃಷಿ ಮೇಳವಿರುತ್ತದೆ, ವಸ್ತುಪ್ರದರ್ಶನವಿರುತ್ತದೆ, ಲಕ್ಷಾಂತರ ಜನ ಸೇರುತ್ತಾರೆ. ಮುಂದಿನ ಸಲ ಅಲ್ಲೊಂದು ಹಲಗೆ ನಿಲ್ಲಿಸಿ, ನಂಜನಗೂಡಿನ ಮೇಲೆ, ಕೆಳಗೆ, ಸುತ್ತೂರಿನ ಮೆಟ್ಟಿಲ ಬಳಿ ಆ ತಿಂಗಳು ಕಪಿಲೆಯ ನೀರು ಹೇಗಿತ್ತೆಂದು ಕನ್ನಡದಲ್ಲಿ ಬರೆಯಿರಿ. ಮುಳುಗು ಹಾಕುವವರು ಓದಿಕೊಂಡು ನೀರಿಗಿಳಿಯಲಿ.